ಹಾಡುವ ತಟ್ಟೆಯ ಹುಟ್ಟು ಮತ್ತು ಉಳಿವು

ಕಳೆದ ಬೇಸಗೆಯ ಸೂಟಿಯಲ್ಲಿ ನನ್ನ ಕೈಯಿಂದ ಒಂದು ಹಾಡು ಹಾಳಾಯಿತು. ಅದು ಹೇಗೆ ಹಾಳಾಯಿತೆಂಬುದನ್ನು ಮೊದಲು ಹೇಳಿ, ಆಮೇಲೆ ನನ್ನ ಅಭಿಪ್ರಾಯಕ್ಕೆ ಬರುವೆನು.

ಇಂಡಿ ತಾಲೂಕಿನ ನಮ್ಮೂರ ಮನೆಯ ಅಟ್ಟದ ಮೇಲೆ ನನ್ನ ಮುತ್ಯಾನ ಕಾಲದ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಹನ್ನೊಂದು ಗ್ರಾಮೋಫೋನ್ ತಟ್ಟೆಗಳು. ಸೊಲ್ಲಾಪುರದ ಪೇಟೆಗೆ ಹೋದಾಗಲೆಲ್ಲ ಮುತ್ಯಾ ಒಂದೊಂದಾಗಿ ತಂದವು. ಬಾರಿಸುವ ಯಂತ್ರ ಎಂದೋ ಮಾರಿಹೋಗಿತ್ತು. ತಟ್ಟೆಗಳನ್ನು ಕೊಳ್ಳುವವರು ಸಿಗದೆ ಅವು ಉಳಿದಿದ್ದವು. ವಿಜಯಪುರದಲ್ಲಿ ಅಂಥ ಯಂತ್ರವನ್ನಿಟ್ಟುಕೊಂಡವರೊಬ್ಬರು ಬಾರಿಸಿ ಕೇಳಿಸುವೆನೆಂದು ಒಪ್ಪಿದ್ದರಿಂದ, ಧೂಳು ಒರಸಿ ಒಯ್ಯಬೇಕೆಂದು ನಿಶ್ಚಯಿಸಿದೆ. ಮೊಬೈಲಿನ ಗಾಜನ್ನು ಒರಸುವಂತೆ ಹತ್ತಿಗೆ ಸ್ಪಿರಿಟು ಹಚ್ಚಿ ಮೊದಲನೆಯ ತಟ್ಟೆಯನ್ನು ಉಜ್ಜಿದೆ. ಹತ್ತಿ ಕರ್ರಗಾಯಿತು. ಕೊಳೆ ಬಿಡುತ್ತಿದೆಯೆಂದು ಹಿಗ್ಗಿ ಮತ್ತಷ್ಟು ಉಜ್ಜಿದೆ. ಮಿಂಚು ಹೋಗಿ, ತಟ್ಟೆ ಮಂಕಾಗಿ, ಮುಟ್ಟಿದರೆ ಬೆರಳಿಗೆ ಅಂಟತೊಡಗಿತು. ಆಗ ಆಯಿ ಬಂದು ನೋಡಿದಳು.

"ಅರಗಿಗೆ ಯಾರರೆ ಸ್ಪಿರಿಟ್ ಹಚ್ಚತಾರೇನೋ ತಮ್ಮಾ? ನಮ್ಮ ಬಡಿಗ್ಯಾನ್ನ ಕೇಳಿದ್ರೂ ಹೇಳತಿದ್ದ."

ಆಯಿಗೆ ಅಕ್ಷರ ಬಾರದು. ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿ. ತಟ್ಟೆ ಯಾವುದರಿಂದ ಆಗಿದೆಯೆಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಡಿಗರು ಕುರ್ಚಿ-ಬಾಗಿಲುಗಳಿಗೆ ಹಚ್ಚುವ ಪಾಲಿಶ್ ಎಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗೇ ಅಲ್ಲವೇ! ನಾನು ಅಂದು ಒರಸಿದ್ದು ಧೂಳನ್ನಲ್ಲ, ಹಾಡನ್ನೇ.

ಅಂದಿನಿಂದ ಈ ತಟ್ಟೆಗಳು ತಯಾರಾಗುವ ಬಗೆಯನ್ನು ಓದಿ ತಿಳಿಯತೊಡಗಿದೆ. ಓದಿದಷ್ಟೂ ಒಂದು ವಿಚಾರ ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು. ಸಾವಿರಗಟ್ಟಲೆ ಒತ್ತಿದ ವಸ್ತು ಎಲ್ಲಿಯಾದರೂ ಸಿಕ್ಕೀತೆಂದು ನಾವು ತಿಳಿಯುತ್ತೇವೆ. ಆದರೆ ಅದು ಹುಟ್ಟುವ ರೀತಿಯನ್ನು ಬಲ್ಲವನು ಹಾಗೆ ನಿಶ್ಚಿಂತನಾಗಿ ಇರಲಾರನು.

ಅರಗು ನಮಗೆ ಹೊಸದಲ್ಲ. ಪಾಂಡವರ ಅರಗಿನ ಮನೆಯ ಕಥೆಯನ್ನು ಕೇಳದವರಾರು? ಪತ್ತಾರರು ಪೊಳ್ಳು ಗುಂಡಿನೊಳಗೆ ತುಂಬುವದು ಅರಗು. ಟಪಾಲು ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದುದು ಅರಗಿನ ಮೇಲೆ. ಮುತ್ತಲ, ಬಾರಿ ಮುಂತಾದ ಗಿಡಗಳ ಟೊಂಗೆಗಳ ಮೇಲೆ ಒಂದು ಸಣ್ಣ ಹುಳು ರಸ ಹೀರಿ ತನ್ನ ಸುತ್ತಲೂ ಕಟ್ಟಿಕೊಳ್ಳುವ ಗೂಡೇ ಅದು. ಛೋಟಾ ನಾಗಪುರದ ಕಾಡುಗಳಲ್ಲಿ ಇದರ ಬೆಳೆ ಹೆಚ್ಚು. ಒಂದು ಕಾಲಕ್ಕೆ ಜಗತ್ತಿನ ಎಲ್ಲ ದೇಶಗಳ ಹಾಡಿನ ತಟ್ಟೆಗಳಿಗೂ ಬಹುಪಾಲು ಅರಗು ನಮ್ಮ ದೇಶದಿಂದಲೇ ಹೋಗುತ್ತಿತ್ತು. ವಿನೋದವೇನೆಂದರೆ, ನಮ್ಮ ಹಾಡುಗಳು ಮಾತ್ರ ಮೊದಲು ಹೊರಗಿನಿಂದ ಅಚ್ಚಾಗಿ ಬರಬೇಕಾಯಿತು. 1902ರ ನವಂಬರದಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. ಅವು ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಗಳಾಗಿ, ಹಡಗು ಹತ್ತಿ ಹಿಂದಿರುಗಿದವು. 1908ರಲ್ಲಿ ಗ್ರಾಮೋಫೋನ್ ಕಂಪನಿಯು ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. 1928ರ ಹೊತ್ತಿಗೆ ಅದು ಡಮ್‌ಡಮ್ಮಿಗೆ ಸ್ಥಳಾಂತರವಾಯಿತು. ನಾಯಿಯ ಚಿತ್ರವಿರುವ ತಟ್ಟೆ ನಿಮ್ಮ ಮನೆಯಲ್ಲಿದ್ದರೆ ಅದು ಬಹುತರವಾಗಿ ಡಮ್‌ಡಮ್ಮಿನ ಒತ್ತುಯಂತ್ರದಿಂದ ಹೊರಬಿದ್ದುದು.

ಆ ತಟ್ಟೆಯಲ್ಲಿ ಅರಗಿನ ಪಾಲು ಸುಮಾರು ಕಾಲು ಭಾಗ ಮಾತ್ರ. ಉಳಿದುದರಲ್ಲಿ ಹೆಚ್ಚಿನದು ಕಲ್ಲಿನ ನುಣ್ಣನೆಯ ಹಿಟ್ಟು; ಕಪ್ಪು ಬಣ್ಣಕ್ಕೆ ಕಾಡಿಗೆಯಂಥ ಮಸಿ, ಬಿಗಿಗೆ ಒಂದಿಷ್ಟು ಹತ್ತಿಯ ಎಳೆ. ಕಲ್ಲಿನ ಹಿಟ್ಟು ಏಕೆಂದು ನನಗೆ ಸೋಜಿಗವಾಗಿತ್ತು. ಉಕ್ಕಿನ ಮುಳ್ಳು ತಟ್ಟೆಯ ಮೇಲೆ ಓಡುವಾಗ ಈ ಹಿಟ್ಟು ಸಾಣೆಯಂತೆ ಮುಳ್ಳನ್ನೇ ಸವೆಸಿ ಗೀರಿನ ಅಳತೆಗೆ ಹೊಂದಿಸುತ್ತದೆ. ಆದುದರಿಂದಲೇ ಒಂದು ಬದಿಗೆ ಒಂದು ಮುಳ್ಳು ಎಂಬ ನೇಮ. ಹಳ್ಳಿಗಳಲ್ಲಿ ಆ ನೇಮವನ್ನು ಪಾಲಿಸಿದವರು ವಿರಳ. ಒಂದೇ ಮುಳ್ಳಿನಲ್ಲಿ ಒಂದು ಜಾತ್ರೆ ಮುಗಿಸಿದವರಿದ್ದರು. ಮೊಂಡ ಮುಳ್ಳು ಗೀರನ್ನು ಕೆತ್ತಿ ಹಾಕುತ್ತಿತ್ತು.

ಇನ್ನು ಹಾಡು ಅದರೊಳಗೆ ಇಳಿಯುವ ಕ್ರಮ. ಗಾಯಕರು ಹಾಡುತ್ತಿದ್ದಾಗ ದಪ್ಪನಾದ ಮೇಣದ ಬಿಲ್ಲೆಯೊಂದು ತಿರುಗುತ್ತಿತ್ತು. ದನಿಯ ಕಂಪನಕ್ಕೆ ತಕ್ಕಂತೆ ಕೊರೆಮುಳ್ಳು ಅದರ ಮೇಲೆ ಸುರುಳಿ ಗೀರನ್ನು ಕೊರೆಯುತ್ತಿತ್ತು. 1925ರವರೆಗೆ ಗಾಯಕರು ಒಂದು ದೊಡ್ಡ ಕಹಳೆಯೊಳಗೆ ಬಾಯಿ ತೂರಿಸಿ ಗಟ್ಟಿಯಾಗಿ ಹಾಡಬೇಕಿತ್ತು; ಮೈಕು ಬಂದುದು ಆಮೇಲೆ. ಮಿನಿಟಿಗೆ 78 ಸುತ್ತು. ಹತ್ತಂಗುಲದ ತಟ್ಟೆಗೆ ಬದಿಯೊಂದಕ್ಕೆ ಸುಮಾರು ಮೂರು ಮಿನಿಟು. ಇಡೀ ರಾತ್ರಿ ರಾಗ ವಿಸ್ತರಿಸುತ್ತಿದ್ದವರು 234 ಸುತ್ತುಗಳಲ್ಲಿ ಎಲ್ಲವನ್ನೂ ಹೇಳಿ ಮುಗಿಸಬೇಕಿತ್ತು! ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಎಳೆಯ ವಯಸ್ಸಿನಲ್ಲಿ ಈ ಕಟ್ಟಿಗೆ ಒಳಪಟ್ಟು ಹಾಡಿದವರೇ. ಗಂಗೂಬಾಯಿಯವರ ಮೊದಮೊದಲ ತಟ್ಟೆಗಳ ಮೇಲೆ ಇರುವ ಹೆಸರು 'ಗಾಂಧಾರಿ'. ಅದನ್ನರಿಯದವರು ಆ ತಟ್ಟೆಯನ್ನು ಕೈಯಲ್ಲಿ ಹಿಡಿದರೂ ಯಾರದೆಂದು ಗುರುತಿಸಲಾರರು.

ಮೇಣದ ಬಿಲ್ಲೆಯ ಮೇಲೆ ವಿದ್ಯುತ್ತಿನಿಂದ ಲೋಹದ ಲೇಪ ಕೊಟ್ಟು, ದಪ್ಪವಾದ ಮೇಲೆ ಸುಲಿದು ತೆಗೆಯುತ್ತಾರೆ. ಮೇಣದಲ್ಲಿ ತಗ್ಗಾದುದು ಇದರಲ್ಲಿ ಉಬ್ಬು. ಮೇಣ ಅಲ್ಲಿಗೆ ಕೆಟ್ಟಿತು. ಅದನ್ನು ಹೆರೆದು ಬೇರೆ ಹಾಡಿಗೆ ಬಳಸುತ್ತಿದ್ದರು. ಸುಲಿದ ಲೋಹಕ್ಕೆ 'ತಂದೆ' ಎಂದು ಹೆಸರು. ತಂದೆಯ ಮೇಲೆ ಮತ್ತೆ ಲೇಪ ಬೆಳೆಸಿ ಸುಲಿದರೆ 'ತಾಯಿ'. ತಾಯಿಯಿಂದ ಬೆಳೆಸಿದ್ದು ಒತ್ತುವ ಅಚ್ಚು, ಅಂದರೆ ಸ್ಟ್ಯಾಂಪರು. ಅದನ್ನು ಜರ್ಮನರು 'ಮಗ' ಎನ್ನುತ್ತಾರೆ. ಯಂತ್ರದ ಮನೆಯಲ್ಲಿಯೂ ಒಂದು ಸಂಸಾರ!

ಎರಡು ಬದಿಗೆ ಎರಡು ಅಚ್ಚು. ಒತ್ತುಯಂತ್ರದ ಮೇಲಿನ ಮತ್ತು ಕೆಳಗಿನ ದವಡೆಗಳಿಗೆ ಅವನ್ನು ಬಿಗಿದು, ಹೆಸರಿನ ಚೀಟಿಗಳನ್ನು ನಡುವೆ ಇಟ್ಟು, ಕಾದು ಮೆತ್ತಗಾದ ಮಿಶ್ರಣದ ಮುದ್ದೆಯನ್ನು ಇಡುತ್ತಾರೆ. ಚೀಟಿಯನ್ನು ಅಂಟಿನಿಂದ ಹಚ್ಚುವದಿಲ್ಲ. ಒತ್ತುವಾಗಲೇ ಅದು ತಟ್ಟೆಯ ಮೈಯೊಳಗೆ ಕೂಡಿಹೋಗುತ್ತದೆ. ಉಗಿಯಿಂದ ಕಾಯಿಸಿ ಒತ್ತಿ, ಹಿಂದೆಯೇ ತಣ್ಣೀರು ಹರಿಸಿ ಗಟ್ಟಿಮಾಡಿ, ಅಂಚಿಗೆ ಉಕ್ಕಿದ ಹೆಚ್ಚುವರಿಯನ್ನು ಕತ್ತರಿಸುತ್ತಾರೆ. ಹೋಳಿಗೆಯ ಕಣಕವನ್ನು ಬಲ್ಲವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ.

1948ರಲ್ಲಿ ಅಮೇರಿಕೆಯ ಕೊಲಂಬಿಯಾ ಕಂಪನಿಯು ಮಿನಿಟಿಗೆ 33⅓ ಸುತ್ತಿನ ಎಲ್.ಪಿ. ತಟ್ಟೆಯನ್ನು ತಂದಿತು. ಅದು ಅರಗಿನದಲ್ಲ, ವಿನೈಲ್ ಎಂಬ ಪ್ಲಾಸ್ಟಿಕಿನದು. ಮುಂದೆ ಡಮ್‌ಡಮ್ಮಿನಲ್ಲಿಯೂ ಅವನ್ನು ಒತ್ತತೊಡಗಿದರು. ಮೇಣಕ್ಕೆ ಬದಲು ಲ್ಯಾಕರ್ ಬಳಿದ ಅಲ್ಯುಮಿನಿಯಮ್ ಬಿಲ್ಲೆ ಬಂದಿತು. ಉಳಿದ ಸಂಸಾರವೆಲ್ಲ ಹಳೆಯದೇ. ವಿನೈಲಿನ ಕಾಳುಗಳನ್ನು ಕಾಯಿಸಿ ಉಂಡೆ ಮಾಡಿ, ನೂರು ಟನ್ನಿನಷ್ಟು ಭಾರ ಹಾಕಿ ಒತ್ತಿದರೆ ಅರ್ಧ ಮಿನಿಟಿನೊಳಗೆ ಒಂದು ತಟ್ಟೆ. ಒಂದು ಬದಿ 22 ಮಿನಿಟು ಹಾಡುವದಾದರೆ ಮುಳ್ಳು 733 ಸುತ್ತು ತಿರುಗಿ, ಅರ್ಧ ಕಿಲೋಮೀಟರಿಗೆ ತುಸು ಕಡಿಮೆ ದಾರಿ ನಡೆಯುತ್ತದೆ. ಕಲ್ಲಿನ ಹಿಟ್ಟಿಲ್ಲದ್ದರಿಂದ ಕರಕರ ಸದ್ದು ಕಡಿಮೆ. ಬಿದ್ದರೆ ಸುಲಭವಾಗಿ ಒಡೆಯದು. ಆದರೆ ನಮ್ಮ ವೈಶಾಖದ ಬಿಸಿಲಿಗೆ ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುವದು.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಒಂದು ಅಚ್ಚು ಸಾವಿರದಷ್ಟು ತಟ್ಟೆ ಒತ್ತುವಷ್ಟರಲ್ಲಿ ಸವೆಯುತ್ತದೆ. ತಾಯಿ ಇದ್ದರೆ ಇನ್ನೊಂದು ಅಚ್ಚು ಬೆಳೆಸಬಹುದು. ಆದರೆ ಮಾರಾಟವಾಗದ ಹಾಡಿನ ತಾಯಿಯನ್ನು ಎಷ್ಟು ದಿನ ಕಾಯ್ದಾರು? ನಿಕ್ಕಲ್ಲಿಗೂ ತಾಮ್ರಕ್ಕೂ ಬೆಲೆಯುಂಟು. ವ್ಯಾಪಾರದಲ್ಲಿ ಅವು ಕರಗುವ ಲೋಹ. ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಅಭಾವವುಂಟಾಗಿ, 1942ರಲ್ಲಿ ಅಮೇರಿಕೆಯ ಸರಕಾರ ತಟ್ಟೆಗಳಿಗೆ ಅದನ್ನು ಬಳಸುವದಕ್ಕೆ ಕಟ್ಟು ಹಾಕಿತು; ಅಲ್ಲಿಯ ಜನ ಹಳೆಯ ತಟ್ಟೆಗಳನ್ನು ಮರಳಿ ಕೊಟ್ಟರು, ಅವನ್ನು ಅರೆದು ಹೊಸ ಹಾಡು ಒತ್ತಿದರು. ಮೇಣ ಹೋಯಿತು, ಅಚ್ಚು ಸವೆಯಿತು, ತಾಯಿ ಕರಗಿದಳು ಎಂದ ಮೇಲೆ ಉಳಿಯುವದೇನು? ಯಾರದೋ ಮನೆಯ ಅಟ್ಟದ ಮೇಲಿನ ತಟ್ಟೆಯೊಂದೇ. ಮುದ್ರಿತ ಪ್ರತಿಯೆಂದು ನಾವು ಹಗುರವಾಗಿ ನೋಡುವ ಆ ವಸ್ತು ಆಗ ಮೂಲಪ್ರತಿಯ ಸ್ಥಾನಕ್ಕೆ ಬಂದುಬಿಡುತ್ತದೆ.

ಈ ಮಾತನ್ನು ಹೇಳಿದಾಗ ಗೆಳೆಯನೊಬ್ಬನು ನಕ್ಕನು. "ಎಲ್ಲಾ ಮೊಬೈಲಿನ್ಯಾಗ ಸಿಗತಾವ, ನೀ ಯಾಕ ಇಷ್ಟ ತಲಿ ಕೆಡಿಸ್ಕೊಂಡಿ?" ಎಂದನು. ಸಿಗುವವು ಸಿಗುತ್ತವೆ, ನಿಜ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದ ಹಾಡುಗಳು ಕ್ಷಣದಲ್ಲಿ ಸಿಗುತ್ತವೆ. ಬೀಳಗಿ ಆಗ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಬಾಗಲಕೋಟೆ ಬೇರೆಯಾದುದು 1997ರಲ್ಲಿ. ಆದರೆ ಮೊಬೈಲಿನಲ್ಲಿ ಕೇಳುವ ಹಳೆಯ ಹಾಡುಗಳಲ್ಲಿ ಎಷ್ಟೋ ಯಾರೋ ಒಬ್ಬರು ತಮ್ಮ ಮನೆಯ ತಟ್ಟೆಯನ್ನು ಜೋಪಾನವಾಗಿ ಬಾರಿಸಿ ಏರಿಸಿದವು. ಯಾರೂ ಏರಿಸದ ಹಾಡು ಅಲ್ಲಿಲ್ಲ. ಅದು ಇಲ್ಲವೆಂಬುದೂ ನಮಗೆ ತಿಳಿಯುವದಿಲ್ಲ.

ತಟ್ಟೆಯ ದನಿಯೇ ಶ್ರೇಷ್ಠವೆಂದು ವಾದಿಸುವವರ ಪಂಕ್ತಿಗೆ ನಾನು ಸೇರಿದವನಲ್ಲ. ಇತ್ತೀಚೆಗೆ ಪಟ್ಟಣಗಳಲ್ಲಿ ವಿನೈಲಿನ ಷೋಕಿ ಮರಳಿ ಬಂದಿದೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ತಟ್ಟೆ ಕೊಳ್ಳುತ್ತಾರಂತೆ. ಕೊಳ್ಳಲಿ. ನನ್ನ ಚಿಂತೆ ಹೊಸ ತಟ್ಟೆಯದಲ್ಲ.

ನಮ್ಮ ನಾಡಿನಲ್ಲಿ ಇಂಥ ಕೆಲಸಕ್ಕೆ ಮೇಲ್ಪಂಕ್ತಿ ಇಲ್ಲದಿಲ್ಲ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ ಮನೆಮನೆಗಳಲ್ಲಿ ತಾಡೋಲೆ ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಮಹಾಪುರುಷನ ಮಾತುಗಳು ಜಗಲಿಯ ಮೇಲಿನ ಗಂಟುಗಳಲ್ಲಿ ಪೂಜೆಗೊಳ್ಳುತ್ತಿದ್ದವು, ಓದಿಸಿಕೊಳ್ಳುತ್ತಿದ್ದುದು ಕಡಿಮೆ. ಆಗ ಇಂಡಿ ತಾಲೂಕಿನದಾಗಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರ ಕೈಯಲ್ಲಿದ್ದುದು ಲೇಖನಿ. ಮಾತು ಉಳಿಯಿತು, ದನಿ ಉಳಿಯಲಿಲ್ಲ. ದನಿಯೂ ಉಳಿದಿರುವ ತಟ್ಟೆಗಳನ್ನು ನಾವು ಏನು ಮಾಡಿದ್ದೇವೆ? ಸಿಂದಗಿ ಕಡೆಯ ಸಹಪಾಠಿಯೊಬ್ಬನ ಮನೆಯಲ್ಲಿ ಒಂದು ತಟ್ಟೆ ಜೋಳದ ಗಡಿಗೆಗೆ ಮುಚ್ಚಳವಾಗಿದೆ. ಮುದ್ದೇಬಿಹಾಳ ಕಡೆಯವನೊಬ್ಬನು ಹೇಳಿದ್ದು ಇನ್ನೂ ಕಠಿಣ: ಲಗ್ನ-ಜಾತ್ರೆಗಳಿಗೆ ಮೈಕು ಬಾಡಿಗೆ ಕೊಡುತ್ತಿದ್ದ ಅವರ ದೊಡ್ಡಪ್ಪನ ಎರಡು ಪೆಟ್ಟಿಗೆ ತಟ್ಟೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.

ಆದುದರಿಂದ ನನ್ನ ಸೂಚನೆ ಇಷ್ಟೇ. ನಮ್ಮ ಕಾಲೇಜಿಗೆ ಈ ನಾಲ್ಕೂ ತಾಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ತಟ್ಟೆಗಳನ್ನು ತರುವದು ಬೇಡ. ಬಸ್ಸಿನ ಕುಲುಕಾಟಕ್ಕೆ ಅರಗು ಒಡೆಯುತ್ತದೆ. ಮನೆಯಲ್ಲಿಯೇ ಮೆತ್ತನೆಯ ಒಣ ಅರಿವೆಯಿಂದ ಧೂಳು ಕೊಡವಿ, ಚೀಟಿಯ ಮೇಲಿರುವುದೆಲ್ಲವನ್ನೂ ಬರೆದುಕೊಂಡು ಬನ್ನಿರಿ. ಚೀಟಿಯ ಸುತ್ತಲಿನ ಬರಿಯ ಜಾಗದಲ್ಲಿ ಸಣ್ಣ ಅಕ್ಷರ-ಅಂಕಿಗಳು ಒತ್ತಿರುತ್ತವೆ. ಅವು ಅಚ್ಚಿನಿಂದ ಇಳಿದವು, ಚೀಟಿ ಹರಿದಿದ್ದರೂ ಹಾಡಿನ ಗುರುತು ಹೇಳಬಲ್ಲವು. ಅವನ್ನು ಮರೆಯಬೇಡಿರಿ. ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ ನೆಟ್ಟಗೆ ನಿಲ್ಲಿಸಿಡಿರಿ. ಹಳೆಯ ಉಕ್ಕಿನ ಮುಳ್ಳಿನ ಯಂತ್ರ ಸಿಕ್ಕಿತೆಂದು ಆತುರದಿಂದ ಬಾರಿಸಬೇಡಿರಿ. ಬಾರಿಸಿದಷ್ಟು ಸಲ ಗೀರು ಸವೆಯುವದು. ಯಾವುದು ಎಲ್ಲಿದೆಯೆಂದು ತಿಳಿದ ಮೇಲೆ, ತಕ್ಕ ಯಂತ್ರವುಳ್ಳವರನ್ನು ಕರೆಯಿಸಿ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಚಾರವನ್ನು ನಮ್ಮ ಗುರುಗಳು ಮಾಡಬೇಕೆಂದು ವಿನಂತಿ. ಸ್ಪಿರಿಟನ್ನು ಮಾತ್ರ ಯಾರೂ ಮುಟ್ಟಬೇಡಿರಿ.

ಒಂದು ನೂರು ಪುಟದ ನೋಟುಬುಕ್ಕನ್ನು ವಾಚನಾಲಯದ ಮೇಜಿನ ಮೇಲೆ ಇಡಲು ಗ್ರಂಥಪಾಲರು ಒಪ್ಪಿದ್ದಾರೆ. ಅದರ ಮೊದಲ ಪುಟದಲ್ಲಿ ನಮ್ಮ ಮನೆಯ ಹನ್ನೊಂದು ತಟ್ಟೆಗಳನ್ನು ಬರೆದಿದ್ದೇನೆ. ನಾನು ಕೆಡಿಸಿದ ತಟ್ಟೆಯ ಚೀಟಿಯನ್ನು ಇಲಿ ಕಡಿದಿದೆ, ಹಾಡಿದವರಾರೆಂದು ತಿಳಿಯದು. ಆದರೆ ಬರಿಯ ಜಾಗದ ಅಂಕಿಗಳು ಓದಲು ಬರುತ್ತವೆ, ಮತ್ತು ನಾನು ಉಜ್ಜಿದ್ದು ಒಂದೇ ಬದಿಯನ್ನು.