ನಿಘಂಟಿನ ಎರಡು ಬದಿ

2022ರ ಮೇ 19ರಂದು ಕೆನಡಾದ ಸಂಸತ್ತಿನಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮ ತಮ್ಮ ಹುಟ್ಟೂರು ಎಂದು ಸಭೆಗೆ ಹೇಳಿದರು. ಅವರು ಚಂದ್ರ ಆರ್ಯ. ಧಾರವಾಡದಲ್ಲಿ ಎಂ.ಬಿ.ಎ. ಓದಿ, 2006ರಲ್ಲಿ ಕೆನಡಾಕ್ಕೆ ವಲಸೆ ಹೋದವರು. ಒಂಬತ್ತೇ ವರ್ಷಗಳಲ್ಲಿ, ಅಂದರೆ 2015ರಲ್ಲಿ, ಒಟ್ಟಾವಾ ನಗರದ ನೇಪಿಯನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯರಾಗಿ ಗೆದ್ದರು. 2019 ಮತ್ತು 2021ರಲ್ಲೂ ಗೆದ್ದರು.

ಆ ಸುದ್ದಿ ಕೇಳಿ ಸುತ್ತಿನ ಕೊರಟಗೆರೆ, ಮಧುಗಿರಿ, ಪಾವಗಡದ ಮನೆಗಳಲ್ಲೂ ಹೆಮ್ಮೆಯಾಗಿರಬೇಕು. ಆದರೆ ಹೆಮ್ಮೆಯ ಹಿಂದೆಯೇ ಒಂದು ಅನುಮಾನವೂ ಏಳುತ್ತದೆ. ಅವರು ಡಿಗ್ರಿ ಪಡೆದು, ನಲವತ್ತು ದಾಟಿದ ಮೇಲೆ ಹೋದವರು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನದ ತರಗತಿಯಲ್ಲಿ ಬಾಯಿ ಬಿಡಲು ಹೆದರುವ ಹುಡುಗಿಯ ಗತಿ ಏನು? 'ನಮಗಂತೂ ಇಂಗ್ಲಿಷ್ ಬಾರದು, ಮಗಳಿಗೆ ಏನು ಸಹಾಯ ಮಾಡುವುದು?' ಎಂದು ಕೊರಗುವ ತಂದೆತಾಯಿ ಏನು ಮಾಡಬೇಕು?

ಇದಕ್ಕೆ ಉತ್ತರ ಅದೇ ಕೆನಡಾದಲ್ಲಿ, ನೂರು ವರ್ಷದ ಹಿಂದಿನ ಒಬ್ಬ ಯೆಹೂದಿ ಹುಡುಗನ ಬಾಳಿನಲ್ಲಿದೆ.

ಡೇವಿಡ್ ಲೂಯಿಸ್ ಹುಟ್ಟಿದ್ದು 1909ರಲ್ಲಿ, ಇಂದಿನ ಬೆಲಾರುಸ್ ದೇಶದಲ್ಲಿರುವ ಸ್ವಿಸ್ಲೋಚ್ ಪಟ್ಟಣದಲ್ಲಿ. ತಂದೆ ಚರ್ಮ ಹದ ಮಾಡುವ ಕಾರ್ಮಿಕ. ಯೆಹೂದಿ ಕಾರ್ಮಿಕರ 'ಬುಂಡ್' ಸಂಘಟನೆಯ ಸ್ಥಳೀಯ ಮುಂದಾಳು. ಮನೆಮಾತು ಯಿಡ್ಡಿಷ್. ಮೊದಲ ಮಹಾಯುದ್ಧ ಮತ್ತು ಅದರ ಹಿಂದೆಯೇ ಬಂದ ಕಾದಾಟಗಳಲ್ಲಿ ನಲುಗಿದ ಊರನ್ನು ಬಿಟ್ಟು 1921ರಲ್ಲಿ ಕುಟುಂಬ ಕೆನಡಾದ ಮಾಂಟ್ರಿಯಲ್ ಸೇರಿತು. ಆಗ ಡೇವಿಡ್‌ಗೆ 12 ವರ್ಷ. ಇಂಗ್ಲಿಷ್ ಸುತರಾಂ ಬಾರದು.

ಹುಡುಗ ಎರಡು ಪುಸ್ತಕ ಕೊಂಡ. ಒಂದು, ಚಾರ್ಲ್ಸ್ ಡಿಕನ್ಸ್ ಬರೆದ 'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್' ಎಂಬ ದಪ್ಪ ಕಾದಂಬರಿ. ಇನ್ನೊಂದು, ಯಿಡ್ಡಿಷ್-ಇಂಗ್ಲಿಷ್ ನಿಘಂಟು. ಒಂದೊಂದೇ ಪದಕ್ಕೆ ಅರ್ಥ ಹುಡುಕುತ್ತಾ ಓದಿದ. ಶಾಲೆಯಲ್ಲಿ ಕಲಿಸಿದ ಮೇಷ್ಟರು ವೇಲ್ಸ್ ನಾಡಿನವರು. ಹುಡುಗನ ಇಂಗ್ಲಿಷಿಗೂ ವೇಲ್ಸಿನ ರಾಗ ಅಂಟಿಕೊಂಡಿತಂತೆ! ಉಚ್ಚಾರಣೆ ಸರಿಯಿಲ್ಲವೆಂದು ನಾಚುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಮುಂದೆ ಮೆಗಿಲ್ ವಿಶ್ವವಿದ್ಯಾನಿಲಯ, 1932ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ. ಸಂದರ್ಶನದಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷರೇ ಕುಳಿತಿದ್ದರು. ಪ್ರಧಾನಿಯಾದರೆ ಮೊದಲು ಏನು ಮಾಡುತ್ತೀರಿ ಎಂಬ ಪ್ರಶ್ನೆ ಬಂತು. ನಿಮ್ಮ ರೈಲ್ವೆಯನ್ನು ರಾಷ್ಟ್ರೀಕರಣ ಮಾಡುತ್ತೇನೆ ಎಂದು ಯುವಕ ಮುಖಕ್ಕೇ ಹೇಳಿದ. ಆದರೂ ವಿದ್ಯಾರ್ಥಿವೇತನ ಸಿಕ್ಕಿತು. ಹನ್ನೆರಡು ವರ್ಷದವನಾಗಿದ್ದಾಗ ಇಂಗ್ಲಿಷೇ ಬಾರದಿದ್ದವನು, ಚರ್ಚಾಪಟುಗಳ ತವರಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷನೂ ಆದ.

ಇಷ್ಟಾದ ಮೇಲೆ ಎಲ್ಲವೂ ಸುಸೂತ್ರ ಎಂದುಕೊಂಡರೆ ತಪ್ಪು. ವಕೀಲರಾದ ಲೂಯಿಸ್ ದುಡಿಯುವವರ ಪರವಾದ ಸಿ.ಸಿ.ಎಫ್. ಪಕ್ಷದ ರಾಷ್ಟ್ರೀಯ ಕಾರ್ಯದರ್ಶಿಯಾಗಿ 1936ರಿಂದ 1950ರವರೆಗೆ ದುಡಿದರು. ಚುನಾವಣೆಗೆ ನಿಂತರೆ 1940, 1943, 1945, 1949, ನಾಲ್ಕು ಸಲವೂ ಸೋಲು. ಸಂಸತ್ತಿನ ಬಾಗಿಲು ತೆರೆದದ್ದು 1962ರಲ್ಲಿ, 53ನೇ ವಯಸ್ಸಿಗೆ. ಮರುವರ್ಷವೇ ಮತ್ತೆ ಸೋತು, 1965ರಲ್ಲಿ ಮತ್ತೆ ಗೆದ್ದರು. 1971ರಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದ ನಾಯಕರಾದರು. ಮರುವರ್ಷದ ಚುನಾವಣೆಯಲ್ಲಿ ಪಕ್ಷಕ್ಕೆ 31 ಸ್ಥಾನ ಸಿಕ್ಕಿ, ಪಿಯರ್ ಟ್ರೂಡೋ ಅವರ ಅಲ್ಪಮತದ ಸರ್ಕಾರ ಇವರ ಬೆಂಬಲಕ್ಕೆ ಕೈ ಚಾಚಬೇಕಾಯಿತು. 1974ರಲ್ಲಿ ಸ್ವಂತ ಕ್ಷೇತ್ರವೇ ಕೈ ತಪ್ಪಿತು. 1981ರಲ್ಲಿ ಲೂಯಿಸ್ ತೀರಿಕೊಂಡರು.

ರಾಜಕೀಯದಲ್ಲಿ ಏಣಿ ಇದ್ದ ಹಾಗೆ ಹಾವೂ ಇರುತ್ತದೆ. ಚಂದ್ರ ಆರ್ಯ ಅವರೂ 2025ರ ಜನವರಿಯಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಲು ಹೊರಟರು. ಪಕ್ಷ ಒಪ್ಪಲಿಲ್ಲ. ಆಮೇಲೆ ನೇಪಿಯನ್ ಟಿಕೆಟ್ಟೂ ಕೈ ತಪ್ಪಿತು. ಆ ಕ್ಷೇತ್ರದಿಂದ ಏಪ್ರಿಲ್‌ನಲ್ಲಿ ಗೆದ್ದವರು ಪ್ರಧಾನಿ ಮಾರ್ಕ್ ಕಾರ್ನಿ. ಪದವಿ ಬರುತ್ತದೆ, ಹೋಗುತ್ತದೆ. ಕಲಿತ ಭಾಷೆಯನ್ನೂ ಹುಟ್ಟಿದ ಮನೆಯ ಭಾಷೆಯನ್ನೂ ಯಾವ ಪಕ್ಷವೂ ವಾಪಸು ಕೇಳಲಾರದು.

ಈಗ ಆ ಹುಡುಗನ ನಿಘಂಟನ್ನು ಇನ್ನೊಮ್ಮೆ ನೆನೆಯಿರಿ. ಅದರ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಅವನ ಅಮ್ಮ ಮಾತಾಡುತ್ತಿದ್ದ ಯಿಡ್ಡಿಷ್. ಆ ಬದಿ ಚೆನ್ನಾಗಿ ಗೊತ್ತಿದ್ದರಿಂದಲೇ ಈ ಬದಿ ಬಿಡಿಸಿಕೊಂಡಿತು. ಮನೆಮಾತು ಇಂಗ್ಲಿಷಿಗೆ ಅಡ್ಡಗೋಡೆಯಲ್ಲ, ಮೆಟ್ಟಿಲು.

ತಂದೆತಾಯಿ ಮಾಡಬಹುದಾದ ಸಹಾಯವೂ ಇಲ್ಲೇ ಇದೆ. ಮನೆಗೊಂದು ಇಂಗ್ಲಿಷ್-ಕನ್ನಡ ನಿಘಂಟು ತನ್ನಿ. ಮಗಳು ದಿನಕ್ಕೆ ಐದು ಪದ ಹುಡುಕಲಿ. ಇಂಗ್ಲಿಷನ್ನು ಅವಳು ಓದಲಿ, ಕನ್ನಡದ ಅರ್ಥವನ್ನು ಅಪ್ಪನಿಗೋ ಅಮ್ಮನಿಗೋ ವಿವರಿಸಲಿ. 'ಆವಿಯಾಗುವಿಕೆ' ಎಂದರೆ ಏನೆಂದು ಅಮ್ಮ ಕೇಳಿ, ಒಲೆಯ ಮೇಲಿನ ಎಸರನ್ನು ತೋರಿಸಿ ಮಗಳು ಹೇಳಿದರೆ ಆ ಪದ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ. ಇಂಗ್ಲಿಷ್ ಬಾರದ ತಂದೆತಾಯಿಗೂ ನಿಘಂಟಿನ ಅರ್ಧ ಪುಟ ಆಗಲೇ ಗೊತ್ತಿದೆ. ಉಳಿದರ್ಧವನ್ನು ಮಕ್ಕಳು ಕಲಿತಾರು.