ಕಡಲಾಚೆಯ ಕಾಗದ

ಮಳವಳ್ಳಿಯ ನಮ್ಮಕ್ಕ ಕಬ್ಬಿನ ಗದ್ದೆ ಮಾರಿ ಮಗಳನ್ನು ಅಮೆರಿಕಕ್ಕೆ ಕಳಿಸಿದಳು. ಹುಡುಗಿ ವಿಮಾನ ಹಾರಿಸುವುದನ್ನಷ್ಟೇ ಅಲ್ಲ, ಕಲಿಸುವ ಲೈಸೆನ್ಸನ್ನೂ ಪಡೆದು ಬಂದಳು. "ಇದು ಲೋಕದಲ್ಲೆಲ್ಲ ನಡೆಯುತ್ತೆ" ಎಂದಿದ್ದನಂತೆ ಮಂಡ್ಯದ ಏಜೆಂಟು. ನಡೆಯಲಿಲ್ಲ. ಹಾರಿದ ಗಂಟೆಗಳು ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಇಲ್ಲಿ ಕಲಿಸಬೇಕಾದರೆ ನಮ್ಮ ಡಿಜಿಸಿಎ ಪರೀಕ್ಷೆ ಬರೆದು, ಭಾರತದ ಲೈಸೆನ್ಸ್ ಪಡೆದು, ಬೋಧಕಳ ಅರ್ಹತೆಯನ್ನೂ ಇಲ್ಲೇ ಗಳಿಸಬೇಕು.

"ಅಮೆರಿಕದವರಿಗಿಂತ ಇವರು ಹೆಚ್ಚೋ?" ಎಂದು ಮದ್ದೂರಿನ ನೆಂಟರೆಲ್ಲ ಮೂಗು ಮುರಿದರು. ನಾನು ಒಪ್ಪುವುದಿಲ್ಲ. ತನ್ನ ಪ್ರಜೆಗೆ ಬೇರೆ ದೇಶ ಕೊಟ್ಟ ಲೈಸೆನ್ಸನ್ನು ತನ್ನ ಆಕಾಶದಲ್ಲಿ ಒಪ್ಪದಿರುವ ಹಕ್ಕನ್ನು 1944ರ ಶಿಕಾಗೊ ಒಪ್ಪಂದವೇ ಪ್ರತಿ ದೇಶಕ್ಕೂ ಉಳಿಸಿದೆ. ಅದು ಸರಿಯೇ. ಪಕ್ಕದಲ್ಲಿ ಕುಳಿತು ಕಲಿಸುವವಳ ಕೈಯಲ್ಲಿ ಇನ್ನೊಬ್ಬ ತಾಯಿಯ ಮಗುವಿನ ಜೀವವಿದೆ. ನಮ್ಮ ಮುಂಗಾರಿನ ಮೋಡ, ನಮ್ಮ ನಿಯಮ ತಿಳಿಯದೆ ಕಲಿಸಬಹುದೇ? ತಪ್ಪಾದರೆ ಉತ್ತರ ಹೇಳಬೇಕಾದವರೂ ಇಲ್ಲಿಯವರೇ ತಾನೆ?

ತಪ್ಪು ನಿಯಮದ್ದಲ್ಲ, ಪರದೇಶದ ಮೊಹರು ಕಂಡೊಡನೆ ಕೈಮುಗಿಯುವ ನಮ್ಮದು. ಉಷಾ ಸುಂದರಂ 1949ರಲ್ಲಿ ಕಲಿತು ಮುಗಿಸಿದ್ದು ಬೆಂಗಳೂರಿನ ಜಕ್ಕೂರಿನಲ್ಲಿ. ಒಂದೆಳೆ ಸರ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಗದ್ದೆ ಮಾರುವ ಮುನ್ನ ಒಂದು ಮಾತು ಕೇಳಬಾರದೇ: "ಈ ಕಾಗದ ಯಾವ ದೇಶದ ವಿಮಾನದಲ್ಲಿ ಕಲಿಸಲು ನಡೆಯುತ್ತದೆ?"

ಹುಡುಗಿ ಈಗ ಮತ್ತೆ ಓದುತ್ತಿದ್ದಾಳೆ. "ಪರೀಕ್ಷೆ ಕಷ್ಟ ಅಲ್ಲ ಚಿಕ್ಕಮ್ಮ, ಅಮ್ಮನ ಗದ್ದೆ ನೆನಪಾಗುತ್ತೆ" ಎನ್ನುತ್ತಾಳೆ. ಏಜೆಂಟನ ಬೋರ್ಡು ಮಾತ್ರ ಇನ್ನೂ ಅಲ್ಲೇ ತೂಗುತ್ತಿದೆ.