ಲಿನಕ್ಸ್ ಕಂಪ್ಯೂಟರಿನ ದನಿ ಉಡುಗಿದಾಗ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ಅದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳುವುದು ಜಾಣತನವೇ ಸರಿ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಇದನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಇದರಲ್ಲೇ. ಆದರೆ ಕೆಲವು ಮನೆಗಳಲ್ಲಿ ಒಂದು ತೊಡಕು ಎದುರಾಗುತ್ತದೆ. ಪಾಠದ ವಿಡಿಯೊ ಓಡುತ್ತದೆ, ಧ್ವನಿ ಮಾತ್ರ ಪಿಸುಗುಟ್ಟಿದಂತೆ ಕೇಳುತ್ತದೆ. ಹೊಸ ಸ್ಪೀಕರಿಗಾಗಿ ರಾಜಾಜಿನಗರದಿಂದ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಸ್ವಲ್ಪ ಯೋಚಿಸಿ.

ಅಡುಗೆಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಯನ್ನಷ್ಟೇ ದೂರುತ್ತೇವೆಯೆ? ಮಾಳಿಗೆಯ ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಅರ್ಧ ಮುಚ್ಚಿರಬಹುದು. ಧ್ವನಿಯೂ ಹೀಗೆಯೇ ಹಲವು ವಾಲ್ವ್‌ಗಳನ್ನು ದಾಟಿ ಬರುತ್ತದೆ: ವಿಡಿಯೊ ತೋರಿಸುವ ತಂತ್ರಾಂಶದ್ದು ಒಂದು, ಪರದೆಯ ಮೂಲೆಯ ಸ್ಪೀಕರ್ ಚಿಹ್ನೆಯದು ಇನ್ನೊಂದು, ಧ್ವನಿ ಕಾರ್ಡಿನದು ಮತ್ತೊಂದು. ಮೂರರಲ್ಲಿ ಪ್ರತಿಯೊಂದೂ ತರಂಗದ ಪಾರವನ್ನು, ಅಂದರೆ ಅದರ ಎತ್ತರವನ್ನು, ಅರ್ಧಕ್ಕಿಳಿಸಿದರೆ ಕೊನೆಗೆ ಉಳಿಯುವುದು ಎಂಟನೇ ಒಂದು ಪಾಲು. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಸಲ ಸುಮಾರು 6ರಂತೆ ಒಟ್ಟು 18 ಇಳಿಕೆ!

ಮೊದಲು ದೋಷ ಎಲ್ಲಿದೆಯೆಂದು ಕಂಡುಕೊಳ್ಳಿ. ಅದೇ ಸ್ಪೀಕರನ್ನು ಬೇರೊಂದು ಫೋನಿಗೋ ರೇಡಿಯೋಗೋ ಜೋಡಿಸಿ. ಅಲ್ಲೂ ದನಿ ಸಣ್ಣದಾದರೆ ತಪ್ಪು ಸ್ಪೀಕರಿನದು. ಅಲ್ಲಿ ಸರಿಯಿದ್ದರೆ, ಕಂಪ್ಯೂಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ ರಂಧ್ರದಲ್ಲೇ ಪಿನ್ ಇದೆಯೇ ನೋಡಿ; ಗುಲಾಬಿ ಬಣ್ಣದ್ದು ಮೈಕಿಗೆ.

ಮುಂದಿನದು ಒಳಗಿನ ವಾಲ್ವ್. 2003ರಲ್ಲಿ ಬಂದ ಲಿನಕ್ಸ್ 2.6ರಿಂದ ಧ್ವನಿ ಕಾರ್ಡನ್ನು ನಡೆಸುವುದು 'ಆಲ್ಸಾ' ಎಂಬ ವ್ಯವಸ್ಥೆ. ಟರ್ಮಿನಲ್ ತೆರೆದು 'ಆಲ್ಸಾಮಿಕ್ಸರ್' ಎಂಬ ಪದವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಎಫ್6 ಕೀಲಿಯಿಂದ ನಿಜವಾದ ಧ್ವನಿ ಕಾರ್ಡನ್ನು ಆರಿಸಿಕೊಂಡರೆ ಮಾಸ್ಟರ್, ಸ್ಪೀಕರ್, ಹೆಡ್‌ಫೋನ್, ಪಿಸಿಎಂ ಮುಂತಾದ ಕಂಬಗಳು ಕಾಣಿಸುತ್ತವೆ. ಕೆಳಗಿಳಿದಿರುವ ಕಂಬವನ್ನು ಮೇಲ್ಮುಖ ಬಾಣದ ಕೀಲಿಯಿಂದ ಏರಿಸಿ. ಬುಡದಲ್ಲಿ 'ಎಂಎಂ' ಎಂದಿದ್ದರೆ ಅದರ ಬಾಯಿ ಕಟ್ಟಿದೆ ಎಂದರ್ಥ. 'ಎಂ' ಕೀಲಿ ಒತ್ತಿದರೆ ತೆರೆಯುತ್ತದೆ. ಎಸ್ಕೇಪ್ ಒತ್ತಿ ಹೊರಬನ್ನಿ. ಬಹಳಷ್ಟು ಸಲ ಇಷ್ಟರಲ್ಲೇ ಕಾಸು ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಕೆಲವು ಲಿನಕ್ಸ್‌ಗಳಲ್ಲಿ ಧ್ವನಿಯನ್ನು ಶೇಕಡಾ 100ಕ್ಕಿಂತ ಮೇಲೇರಿಸುವ ಸೌಲಭ್ಯವೂ ಉಂಟು. ಇದು ಕೊನೆಯ ಉಪಾಯವಾಗಿರಲಿ. ಮೊದಲೇ ಜೋರಾಗಿರುವ ತರಂಗವನ್ನು ಮಿತಿಮೀರಿ ಹಿಗ್ಗಿಸಿದರೆ ಅದರ ತಲೆ ಕತ್ತರಿಸಿದಂತಾಗಿ ದನಿ ಒಡೆಯುತ್ತದೆ.

ಪೋಷಕರು ಮರೆಯಬಾರದ ಮಾತೊಂದಿದೆ. ಸ್ಪೀಕರಿಗೆಂದು ಏರಿಸಿದ ಧ್ವನಿಯನ್ನು ಇಳಿಸದೆ ಮಗು ಹೆಡ್‌ಫೋನ್ ಹಾಕಿಕೊಂಡರೆ ಕಿವಿಗೆ ಅಪಾಯ. ಮಕ್ಕಳ ಆಲಿಸುವಿಕೆ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಕೆಟ್ಟ ಸ್ಪೀಕರನ್ನು ಬದಲಿಸಬಹುದು. ಒಳಕಿವಿಯಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಧ್ವನಿ ಇಳಿಸಿ, ಆಮೇಲೆ ಹೆಡ್‌ಫೋನ್ ಚುಚ್ಚಿ. ಈ ಅಭ್ಯಾಸ ಮಕ್ಕಳಿಗೆ ಇಂದೇ ಆಗಲಿ.